ಗುಬ್ಬಿಯ ಅನುಮಾನ

ಬಂದೂಕಿಗೇ ಅನುಮಾನ ಬರುವಂತಿದ್ದರೆ? ಎದುರಿಗಿರುವುದು ಮನುಷ್ಯನಿರಬಹುದೇ ಎಂದು ಅದೇ ಒಂದು ಗಳಿಗೆ ತಡೆದು ನೋಡುವಂತಿದ್ದರೆ? ಡಾ. ವಾರುಣಿ ಕಮತಗಿ ತನ್ನ ಹರೆಯದ ಬಹುಪಾಲನ್ನು ಈ ಪ್ರಶ್ನೆಗೆ ಕೊಟ್ಟಿದ್ದಳು. ಕೊನೆಗೆ ಉತ್ತರವಾಗಿ ಅವಳ ಅಂಗೈಯಲ್ಲಿ ಉಳಿದದ್ದು ಬೆಂಕಿಪೊಟ್ಟಣದಷ್ಟು ದೊಡ್ಡದಾದ ಒಂದು ಉಕ್ಕಿನ ಪೆಟ್ಟಿಗೆ.

ಆ ಪೆಟ್ಟಿಗೆ ಬಂದೂಕಿನ ನಳಿಗೆಯ ಕೆಳಗೆ ಕೂರುತ್ತಿತ್ತು. ಅದಕ್ಕೊಂದು ಕಣ್ಣು, ಕತ್ತಲಲ್ಲೂ ಮೈಯ ಕಾವನ್ನು ಕಾಣುವಂಥದ್ದು. ಜೊತೆಗೆ ಉಸಿರಾಟದ ಏರಿಳಿತವನ್ನು ದೂರದಿಂದಲೇ ಗುರುತಿಸುವ ಸೂಕ್ಷ್ಮ ತರಂಗ. ಗುರಿಯ ನೇರದಲ್ಲಿ ಮನುಷ್ಯನಿರುವ ಅನುಮಾನ ನೂರಕ್ಕೆ ಎಷ್ಟು ಪಾಲು ಎಂದು ಅದು ಲೆಕ್ಕ ಹಾಕುತ್ತಿತ್ತು. ಅನುಮಾನ ಮಿತಿ ಮೀರಿದರೆ ಗುಂಡು ಹಾರದಂತೆ ಬಂದೂಕಿನ ಕುದುರೆಯನ್ನು ಬಿಗಿಹಿಡಿದು, ಕೆಂಪು ದೀಪ ತೋರಿಸಿ, ಚಿಂವ್ ಎನ್ನುತ್ತಿತ್ತು. ಇಲ್ಲವಾದರೆ ಹಸಿರು ದೀಪ. ಸರಕಾರ ಅದಕ್ಕಿಟ್ಟ ಉದ್ದನೆಯ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. ಹಳ್ಳಿಯವರು ಗುಬ್ಬಿ ಎಂದರು, ಅದೇ ಉಳಿಯಿತು.

ಪರವಾನಗಿ ಇರುವ ಪ್ರತಿಯೊಂದು ಬಂದೂಕಿಗೂ ಗುಬ್ಬಿ ಇರಲೇಬೇಕೆಂದು ಕಾಯ್ದೆ ಬಂತು. ಮೊದಲೆಲ್ಲ ಚುನಾವಣೆ ಘೋಷಣೆಯಾದ ಕೂಡಲೇ ರೈತರು ಬೆಳೆ ಕಾಯುವ ಬಂದೂಕುಗಳನ್ನು ಪೊಲೀಸ್ ಠಾಣೆಗೆ ಒಪ್ಪಿಸಿ, ಹಂದಿಗಳಿಗೆ ಹೊಲವನ್ನು ಬಿಟ್ಟುಕೊಟ್ಟು ಕೂರಬೇಕಿತ್ತು. ಇನ್ನು ಅದರ ಗೋಳಿಲ್ಲ, ಬಂದೂಕು ಮನೆಯಲ್ಲೇ ಇರಲಿ ಎಂದು ಸರಕಾರ ಹೇಳಿತು. ಮಬ್ಬಿನಲ್ಲಿ ಮನುಷ್ಯರನ್ನೇ ಹಂದಿಯೆಂದು ಹೊಡೆಯುವುದು ನಿಂತಿತು. ಕುಡಿದು ಬಂದು ಹೆಂಡತಿಯ ಎದೆಗೆ ನಳಿಗೆ ಹಿಡಿಯುತ್ತಿದ್ದವರ ಕೈಯಲ್ಲಿ ಬಂದೂಕು ಬರಿಯ ಕೋಲಾಯಿತು.

ಆದರೂ ಕಾಡಂಚಿನ ಊರುಗಳಲ್ಲಿ ಗುಬ್ಬಿಯನ್ನು ಬಯ್ಯದವರಿರಲಿಲ್ಲ. ತುಂತುರು ಬಿದ್ದರೆ ಅದರ ಕಣ್ಣು ಮಂಜಾಗಿ ಅನುಮಾನ ಏರುತ್ತಿತ್ತು. ಗೋವಿನಜೋಳ ತೆನೆಗಟ್ಟುವ ಕಾಲದಲ್ಲಿ ಹಂದಿಗಳ ಹಿಂಡು ಕಣ್ಣೆದುರೇ ಹೊಲ ನೆಲಸಮ ಮಾಡುತ್ತಿರುವಾಗ, ಗುಬ್ಬಿ ಚಿಂವ್ ಚಿಂವ್ ಎನ್ನುತ್ತ ಕುದುರೆ ಹಿಡಿದು ಕೂರುತ್ತಿತ್ತು.

ಆ ವರ್ಷ ಸರಕಾರ ಅವಧಿಗೆ ಮೊದಲೇ ಚುನಾವಣೆಗೆ ಹೋಯಿತು. ಹೊಲಗಳಲ್ಲಿ ಗೋವಿನಜೋಳ ಎದೆಯೆತ್ತರ ನಿಂತಿದ್ದ ಕಾಲ.

ಧಾರವಾಡದ ಹೊರವಲಯದಲ್ಲಿ ವಾರುಣಿಯ ನಿಯಂತ್ರಣ ಕೊಠಡಿ. ಗೋಡೆಯ ತುಂಬ ಒಂದು ನಕಾಶೆ. ಎಲ್ಲಿ ಗುಬ್ಬಿ ಒಪ್ಪಿತೋ ಅಲ್ಲಿ ಹಸಿರು ಚುಕ್ಕಿ, ಎಲ್ಲಿ ಒಲ್ಲೆನೆಂದಿತೋ ಅಲ್ಲಿ ಕೆಂಪು. ಮಂತ್ರಿಗಳ ಸಲಹೆಗಾರ ಮಹಾಬಲ ಇನಾಮತಿ ಒಂದು ಬೆಳಿಗ್ಗೆ ಅಲ್ಲಿಗೆ ಬಂದು, ತನ್ನ ಕೈಯಲ್ಲಿದ್ದ ಇನ್ನೊಂದು ನಕಾಶೆಯನ್ನು ಅದೇ ಗೋಡೆಯ ಮೇಲೆ ಮೂಡಿಸಿದ. ಮತದಾರರ ಸಮೀಕ್ಷೆಯ ನಕಾಶೆ. ಕೆಂಪು ಚುಕ್ಕಿ ದಟ್ಟವಾಗಿದ್ದಲ್ಲೆಲ್ಲ ಆಡಳಿತ ಪಕ್ಷದ ಮತ ಕರಗಿತ್ತು. ಎರಡು ನಕಾಶೆಗಳೂ ಒಂದರ ಮೇಲೊಂದು ಅಚ್ಚೊತ್ತಿದಂತೆ ಕೂತವು.

"ನಿಮ್ಮ ಗುಬ್ಬಿ ಒಂದು ಸಲ ಚಿಂವ್ ಅಂದ್ರ ನಮಗ ಒಂದು ಮನೀ ಓಟು ಹೋಗ್ತದ ಮೇಡಂ," ಎಂದ ಇನಾಮತಿ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಗುಬ್ಬಿಯಿಂದ ಜೀವ ಉಳಿದವರು ಎಷ್ಟು ಮಂದಿ ಇದ್ದಾರ. ಅವರ ಓಟು?"

"ಜೀವ ಉಳೀತು ಅಂತ ಅವರಿಗೇನ್ ಗೊತ್ತು? ಬೀಳದ ಗುಂಡು ಯಾರಿಗೆ ಕಾಣ್ತದ? ಹೊಲ ಹಾಳಾಗಿದ್ದು ಮಾತ್ರ ಕಾಣ್ತದ. ಬಂದೂಕು ಇದ್ದಾವ ಬಂದೂಕಿನ ಸಲುವಾಗೇ ಓಟ್ ಹಾಕ್ತಾನ. ಇಲ್ಲದಾವ ನೀರು, ರಸ್ತೆ, ಜಾತಿ ನೋಡಿ ಹಾಕ್ತಾನ." ಅವನು ಕುರ್ಚಿ ಎಳೆದುಕೊಂಡು ಕೂತ. "ನಾವು ಸೋತರ ಆ ಕಡಿಯವರು ಮೊದಲನೇ ದಿನಾನೇ ಕಾಯ್ದೆ ಕಿತ್ತು ಒಗೀತಾರ. ಭಾಷಣದಾಗ ಹೇಳ್ಯಾರ. ಆಮ್ಯಾಲ ನಿಮ್ಮ ಗುಬ್ಬಿ ಎಲ್ಲಾ ಗುಜರಿಗೆ. ಅನುಮಾನದ ಮಿತಿ ಒಂದೀಟು ಸಡ್ಲ ಮಾಡ್ರಿ. ಓಟು ಮುಗಿಯೋತನಕ. ಅಷ್ಟ."

ಮಿತಿ ಎಂದರೆ ಒಂದು ಸಂಖ್ಯೆ. ಧಾರವಾಡದಿಂದ ಕಳಿಸಿದರೆ ರಾಜ್ಯದ ಪ್ರತಿ ಗುಬ್ಬಿಯೂ ಅದನ್ನು ಪಾಲಿಸುತ್ತಿತ್ತು. ನೂರಕ್ಕೆ ಒಂದು ಪಾಲು ಅನುಮಾನವಿದ್ದರೂ ತಡೆಯಬೇಕೆಂದು ವಾರುಣಿಯೇ ನಿಗದಿ ಮಾಡಿದ್ದಳು. ಅದಕ್ಕಾಗಿ ಸಮಿತಿಗಳಲ್ಲಿ ಜಗಳವಾಡಿದ್ದಳು. ಆಗುವುದಿಲ್ಲವೆಂದು ಇನಾಮತಿಗೂ ಹೇಳಿದಳು. ಅವನು ಒತ್ತಾಯ ಮಾಡದೆ ಎದ್ದು ಹೋದ. ಎರಡು ನಕಾಶೆಗಳನ್ನೂ ಗೋಡೆಯ ಮೇಲೆ ಹಾಗೆಯೇ ಬಿಟ್ಟು ಹೋದ.

ಮನೆಯಲ್ಲಿ ಗಂಡ ಪ್ರಭಾಕರ ಚುನಾವಣಾ ತರಬೇತಿ ಮುಗಿಸಿ ಬಂದು ರೊಟ್ಟಿ ಮುರಿಯುತ್ತಿದ್ದ. ಅವನು ಪ್ರೌಢಶಾಲೆಯ ಮೇಷ್ಟರು. ಮತಗಟ್ಟೆಯ ಕೆಲಸ ಅವನಿಗೆ ಹೊಸದಲ್ಲ.

"ಒಂದು ದೊಡ್ಡ ಒಳ್ಳೇದು ಉಳಿಸಲಿಕ್ಕೆ ಅದರಾಗಿಂದ ಒಂದು ತುಣುಕು ಬಿಟ್ಟುಕೊಡಬೇಕಾದ್ರ ನೀವು ಏನ್ ಮಾಡ್ತೀರಿ?" ಎಂದು ಕೇಳಿದಳು.

"ತುಣುಕು ಯಾರದು ಅನ್ನೋದರ ಮ್ಯಾಲೆ ಅದ," ಎಂದು ಅವನು ಪಲ್ಯ ಬಡಿಸಿಕೊಂಡ. "ನಂದಿದ್ರ ಬಿಟ್ಟುಕೊಡಬಹುದು."

ಒಂದು ವಾರ ಅವಳ ತಲೆಯಲ್ಲಿ ತಕ್ಕಡಿ ತೂಗುತ್ತಲೇ ಇತ್ತು. ಕಾಯ್ದೆ ಹೋದರೆ ಸಾಯುವವರು ಎಷ್ಟೋ ಮಂದಿ. ಮಿತಿ ಸಡಿಲಿಸಿದರೆ ಯಾರಿಗೂ ಏನೂ ಆಗದೆಯೂ ಇರಬಹುದು. ಒಂದು ಮಧ್ಯಾಹ್ನ, ಸಹೋದ್ಯೋಗಿಗಳು ಊಟಕ್ಕೆ ಹೋಗಿದ್ದಾಗ, ಅವಳು ಸಂಖ್ಯೆಯನ್ನು ಬದಲಿಸಿದಳು. ನೂರಕ್ಕೆ ಒಂದು ಇದ್ದದ್ದು ನೂರಕ್ಕೆ ಹದಿನೈದಾಯಿತು. ಗೋಡೆಯ ನಕಾಶೆ ಸಂಜೆಯ ಹೊತ್ತಿಗೆ ಹಸಿರಾಗತೊಡಗಿತು. ಅದನ್ನು ನೋಡಿ ತನಗೆ ಸಂತೋಷವಾದದ್ದನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡು ತಲೆ ತಗ್ಗಿಸಬೇಕಾಯಿತು.

ಕಾಡಂಚಿನ ಹುಣಸೀಕಣಿವಿ ಎಂಬ ಊರಿನಲ್ಲಿ ಫಕ್ಕೀರಪ್ಪ ಮಾದರಗಿಯ ಹೊಲ. ಗುಬ್ಬಿಯನ್ನು ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಬಯ್ಯುತ್ತಿದ್ದವನು ಅವನೇ. ಈ ಸಲ ಓಟು ಆ ಕಡೆಗೆ ಎಂದು ಕಟ್ಟೆಯ ಮೇಲೆ ಕೂತು ಸಾರಿದ್ದ. ಆದರೆ ದಿಢೀರನೆ ಗುಬ್ಬಿ ಮಾತು ಕೇಳತೊಡಗಿತು. ತುಂತುರಿದ್ದರೂ ಹಸಿರು ತೋರಿಸಿತು. ಅವನು ಒಂದೇ ವಾರದಲ್ಲಿ ಎರಡು ಹಂದಿ ಹೊಡೆದ.

"ಗುಬ್ಬಿ ಬುದ್ಧಿ ಕಲತೈತಿ ಬಿಡು," ಎಂದು ಹೆಂಡತಿ ಗಂಗವ್ವನಿಗೆ ಹೇಳಿದ. "ಮಂದಿ ಮಾತು ಕೇಳಿ ಸರಕಾರದವ್ರು ರಿಪೇರಿ ಮಾಡ್ಯಾರ. ಸುಮ್ನ ಬೈದೆ."

"ಹಂಗಾದ್ರ ಓಟು?"

"ಕೇಳಿದ್ದು ಮಾಡಿಕೊಟ್ಟವ್ರಿಗೆ ಹಾಕೂದು. ಮತ್ತ್ಯಾರಿಗೆ?"

ಮತದಾನಕ್ಕೆ ಮೂರು ದಿನವಿತ್ತು. ಮಳೆ ಜಿನುಗುತ್ತಿದ್ದ ಇಳಿಹೊತ್ತು. ಫಕ್ಕೀರಪ್ಪ ಬದುವಿನ ಮೇಲೆ ನಿಂತಿದ್ದ. ಜೋಳದ ಸಾಲಿನಲ್ಲಿ ಏನೋ ಕರ್ರಗೆ, ನೆಲಕ್ಕೆ ಬಾಗಿ ಸರಿಯುತ್ತಿತ್ತು. ಬಂದೂಕು ಎತ್ತಿ ಗುರಿ ಹಿಡಿದ. ಹಸಿರು ದೀಪ ಹತ್ತಿತು. ಕುದುರೆ ಎಳೆದ.

ಅದು ಯಲ್ಲವ್ವ. ಪಕ್ಕದ ಹೊಲದಲ್ಲಿ ಕೂಲಿ ಮುಗಿಸಿ, ಆಡಿಗೆ ಎರಡು ಹಿಡಿ ಹುಲ್ಲು ಕೊಯ್ದುಕೊಳ್ಳಲು ಸಾಲಿನಲ್ಲಿ ಬಗ್ಗಿದ್ದಳು. ಮಳೆಗೆಂದು ತಲೆಯಿಂದ ಬೆನ್ನಿನವರೆಗೆ ಗೋಣಿಚೀಲದ ಗೊಪ್ಪೆ ಹಾಕಿಕೊಂಡಿದ್ದಳು. ತೋಯ್ದ ಗೋಣಿ ಅವಳ ಮೈಯ ಕಾವನ್ನು ಮುಚ್ಚಿಬಿಟ್ಟಿತ್ತು. ಗುಬ್ಬಿಗೆ ಅನುಮಾನ ಬಂದಿತ್ತು, ನೂರಕ್ಕೆ ಒಂಬತ್ತು ಪಾಲು. ಹಳೆಯ ಮಿತಿಯಿದ್ದರೆ ಅದು ಕುದುರೆ ಬಿಡುತ್ತಿರಲಿಲ್ಲ.

ಫಕ್ಕೀರಪ್ಪ ಓಡಿಹೋಗಿ ಗೋಣಿ ಸರಿಸಿ ನೋಡಿದ. ಆಮೇಲೆ ಅವಳನ್ನು ತೋಳಿನ ಮೇಲೆ ಹೊತ್ತುಕೊಂಡು ಊರಿಗೆ ಬಂದ. ಜನ ಸೇರುವಷ್ಟರಲ್ಲಿ ಅವಳ ಜೀವ ಹೋಗಿತ್ತು. ಪೊಲೀಸರು ಬಂದಾಗ ಅವನು ಏನನ್ನೂ ಮರೆಮಾಚಲಿಲ್ಲ. "ಹಸಿರು ಇತ್ತರಿ ಸಾಹೇಬ್ರ, ಹಸಿರು ಇತ್ತು" ಎಂದಷ್ಟೇ ಹೇಳುತ್ತ ಅವರ ಜೀಪು ಹತ್ತಿದ.

ಮರುದಿನ ಬೆಳಿಗ್ಗೆ ತನಿಖೆಯವರು ಆ ಗುಬ್ಬಿಯನ್ನು ಧಾರವಾಡಕ್ಕೆ ತಂದರು. ವಾರುಣಿ ಬಾಗಿಲು ಹಾಕಿಕೊಂಡು ಅದನ್ನು ತೆರೆದಳು. ಒಳಗೆ ಒಂಬತ್ತು ಎಂಬ ಅಂಕಿಯಿತ್ತು. ಇನಾಮತಿ ಹೇಗೋ ಸುದ್ದಿ ಹಿಡಿದು ಫೋನ್ ಮಾಡಿದ.

"ಯಂತ್ರದಾಗ ದೋಷ ಅದ ಏನು?"

"ಇಲ್ಲ. ಹೇಳಿದ ಹಂಗ ಕೆಲಸಾ ಮಾಡ್ಯದ."

"ಹಂಗಾದ್ರ ಅಷ್ಟೇ ಬರೀರಿ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗಿ ಬ್ಯಾಡ."

ಅವಳು ಬರೆದಳು. 'ಯಂತ್ರದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ.' ಒಂದೇ ವಾಕ್ಯ, ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಅದರ ಕೆಳಗೆ ಸಹಿ ಮಾಡಿದಳು.

ಮಿತಿಯನ್ನು ಆ ಕ್ಷಣವೇ ಹಿಂದಕ್ಕೆ ತರಬಹುದಿತ್ತು. ಆದರೆ ತಂದರೆ ಊರೂರಿನಲ್ಲಿ ಗುಬ್ಬಿಗಳು ಮತ್ತೆ ಚಿಂವ್ ಎನ್ನುತ್ತವೆ, ಮತ ಮತ್ತೆ ಸರಿಯುತ್ತದೆ, ಆ ಹೆಂಗಸು ಸತ್ತದ್ದೂ ವ್ಯರ್ಥವಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಉಳಿದ ಸಂಜೆಗಳಲ್ಲಿ ಗೋಡೆಯ ಮುಂದೆ ಕೂತು, ಒಂದೊಂದು ಹಸಿರು ಚುಕ್ಕಿ ಮೂಡಿದಾಗಲೂ ಇನ್ನೊಂದು ಸಾವಿನ ಸುದ್ದಿ ಬಂತೇನೋ ಎಂದು ಫೋನಿನ ಕಡೆ ನೋಡುತ್ತಿದ್ದಳು. ಫೋನ್ ಬರಲಿಲ್ಲ. ಮತದಾನ ಮುಗಿದ ಗಳಿಗೆಯಲ್ಲಿ ಸಂಖ್ಯೆಯನ್ನು ಮೊದಲಿನಂತೆ ಮಾಡಿದಳು.

ಆಡಳಿತ ಪಕ್ಷ ಗೆದ್ದಿತು. ಸೋಲು ಖಚಿತವೆಂದಿದ್ದ ಕಾಡಂಚಿನ ಕ್ಷೇತ್ರಗಳೇ ಅದನ್ನು ಉಳಿಸಿದವು. 'ಗುಬ್ಬಿಯನ್ನು ಜನ ಒಪ್ಪಿದರು' ಎಂದು ಪತ್ರಿಕೆಗಳು ಬರೆದವು. ನಿಯಂತ್ರಣ ಕೊಠಡಿಯಲ್ಲಿ ಪೇಢೆ ಹಂಚಿದರು. ವಾರುಣಿಗೂ ಒಂದು ಕೊಟ್ಟರು. ಅವಳು ಅದನ್ನು ಕೈಯಲ್ಲಿ ಹಿಡಿದು, ತಿನ್ನಲೂ ಆಗದೆ ಇಡಲೂ ಆಗದೆ, ಬಹಳ ಹೊತ್ತು ನಿಂತಿದ್ದಳು.

ಪ್ರಭಾಕರ ಮತಗಟ್ಟೆಯಿಂದ ಬಂದಾಗಿನಿಂದ ಮಂಕಾಗಿದ್ದ. ಫಲಿತಾಂಶದ ದಿನ ಚಹ ಕುಡಿಯುತ್ತ ತಾನಾಗಿಯೇ ಹೇಳಿದ. ಅವನಿಗೆ ಕೆಲಸ ಬಿದ್ದದ್ದು ಹುಣಸೀಕಣಿವಿಯಲ್ಲಿ.

"ಆ ಗುಂಡು ಹೊಡೆದಾವನ ಹೆಂಡತಿ ಬಂದಿದ್ಲು. ಪಾಳಿ ಹಚ್ಚಿದ ಹೆಣ್ಮಕ್ಕಳು ಹಿಂದಕ್ಕ ಮುಂದಕ್ಕ ಸರದು ಆಕಿ ಸುತ್ತ ಜಾಗ ಬಿಟ್ರು. ಮುಟ್ಟಿದ್ರ ಏನೋ ಆಗ್ತದ ಅನ್ನೋ ಹಂಗ. ಗಂಡ ಗುಬ್ಬಿ ಕಣ್ಣಿಗೆ ಏನೋ ಮೆತ್ತಿದ್ದ, ಅದಕ್ಕ ಅದು ಹಸಿರು ತೋರಿಸ್ತು ಅಂತ ಊರೆಲ್ಲಾ ಮಾತು. ಯಂತ್ರ ಸರಿ ಇತ್ತಂತಲ್ಲ, ಮತ್ತ ತಪ್ಪು ಇವನದೇ ಅಲ್ಲ? ಶಾಯಿ ಹಚ್ಚಲಿಕ್ಕೆ ಕೈ ಕೇಳಿದ್ರ, ಆಕಿ ಸೆರಗಿನಾಗ ಮುಚ್ಚಿಕೊಂಡ್ಲು. ಆ ಕೈ ಏನ್ ಮಾಡಿತ್ತು ಹೇಳು?"

ವಾರುಣಿ ಎಲ್ಲವನ್ನೂ ಹೇಳಿದಳು. ನಕಾಶೆ, ಸಂಖ್ಯೆ, ಒಂದು ವಾಕ್ಯದ ವರದಿ, ಮತದಾನದವರೆಗೆ ಕಾದದ್ದು. ಪ್ರಭಾಕರ ಚಹದ ಬಟ್ಟಲನ್ನು ಕೆಳಗಿಟ್ಟ.

"ಸತ್ತದ್ದು ಗೊತ್ತಾದ ಮ್ಯಾಲೂ ಬಿಟ್ಟಿ?"

"ಬಿಟ್ಟೆ."

ಅವನು ಅವಳ ಮುಖ ನೋಡಲಿಲ್ಲ. ಬಟ್ಟಲು ಎತ್ತಿಕೊಂಡು ಒಳಗೆ ಹೋದ. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳುತ್ತಿತ್ತು.

ಮಾರನೆಯ ದಿನ ಅವಳು ಬಸ್ಸು ಹಿಡಿದು ಹುಣಸೀಕಣಿವಿಗೆ ಹೋದಳು. ಗಂಗವ್ವ ಅಂಗಳದಲ್ಲಿ ಒಬ್ಬಳೇ ಜೋಳದ ತೆನೆ ಬಿಡಿಸುತ್ತಿದ್ದಳು. ಬಂದವಳು ಸರಕಾರದವಳೆಂದು ತಿಳಿದು ಎದ್ದು ನಿಂತಳು. ವಾರುಣಿ ಕೂರಲಿಲ್ಲ. ನಿಂತೇ ಹೇಳಿದಳು. ಗಂಗವ್ವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅವಳು ಕೂಗಾಡಲಿಲ್ಲ.

"ಅಂದ್ರ ನಮ್ಮವ್ರು ಏನೂ ಮೆತ್ತಿದ್ದಿಲ್ಲ."

"ಇಲ್ಲ."

"ಇದನ್ನ ನನ್ನ ಮುಂದ ಹೇಳಿದ್ರ ಏನಾತ್ರಿ ಅಕ್ಕಾರ? ನನಗ ಗೊತ್ತಿದ್ದದ್ದ ಐತಿ. ಬರ್ರಿ. ಯಲ್ಲವ್ವನ ಮನಿ ಮುಂದ ನಿಂತು ಹೇಳ್ರಿ."

ಗಂಗವ್ವ ಮುಂದೆ, ವಾರುಣಿ ಹಿಂದೆ. ಅಷ್ಟು ದಿನ ತಲೆ ಬಗ್ಗಿಸಿ ಓಣಿಯ ಅಂಚಿನಲ್ಲಿ ನಡೆಯುತ್ತಿದ್ದ ಗಂಗವ್ವ ಆ ದಿನ ನಡುವೆ ನಡೆದಳು. ಬಾಗಿಲುಗಳಲ್ಲಿ ಮುಖಗಳು ಕಾಣಿಸಿಕೊಂಡವು. ಒಬ್ಬೊಬ್ಬರಾಗಿ ಹಿಂದೆ ಬಂದರು.

ಯಲ್ಲವ್ವನ ಗಂಡ ನಿಂಗಪ್ಪ ಆಡು ಕಟ್ಟುತ್ತಿದ್ದ. ಕೈಯಲ್ಲಿ ಹಗ್ಗ ಹಿಡಿದೇ ಕೇಳಿದ. ವಾರುಣಿ ತಾನು ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಮರೆತಿದ್ದಳು. "ಓಟಿನ ಸಲುವಾಗಿ ಸಡ್ಲ ಮಾಡಿದೆ. ನಿಮ್ಮ ಮನೆಯವರು ಸತ್ತದ್ದು ಗೊತ್ತಾದ ಮ್ಯಾಲೂ ಓಟು ಮುಗಿಯೋತನಕ ಸುಮ್ನಿದ್ದೆ" ಎಂದಷ್ಟೇ ಹೊರಬಂತು.

"ನಾನೂ ನಿಮಗ ಓಟು ಹಾಕೀನ್ರಿ," ಎಂದ ನಿಂಗಪ್ಪ. "ಮಣ್ಣು ಕೊಟ್ಟು ಮೂರನೇ ದಿನಕ್ಕ ಹೋಗಿ ಹಾಕಿ ಬಂದೆ. ನಮ್ಮ ತಮ್ಮ ಬ್ಯಾಡ ಅಂದ. ನಾನು ಕೇಳಲಿಲ್ಲ. ಗುಬ್ಬಿ ಇರ್ಲಿ, ಇನ್ನೊಬ್ಬರ ಮನೀಗೆ ಹಿಂಗಾಗಬಾರದು ಅಂತ ಹಾಕಿದೆ."

ಅವನು ಬಯ್ದಿದ್ದರೆ ವಾರುಣಿ ತಡೆದುಕೊಳ್ಳುತ್ತಿದ್ದಳೇನೋ. ನಿಂಗಪ್ಪ ಹಗ್ಗವನ್ನು ಗೂಟಕ್ಕೆ ಸುತ್ತಿ, ಹೊಸ್ತಿಲಲ್ಲಿ ನಿಂತಿದ್ದ ಮಗಳನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನೆರೆದವರಲ್ಲಿ ಒಬ್ಬ ಹೆಂಗಸು ಗಂಗವ್ವನ ಹತ್ತಿರ ಬಂದು ಅವಳ ತೋಳು ಮುಟ್ಟಿದಳು. ಗಂಗವ್ವ ತೋಳು ಕೊಡವಿಕೊಳ್ಳಲಿಲ್ಲ, ಆ ಕಡೆ ತಿರುಗಿ ನೋಡಲೂ ಇಲ್ಲ.

ನ್ಯಾಯಾಲಯದಲ್ಲಿ ವಾರುಣಿ ಹೇಳಿಕೆ ಕೊಟ್ಟಳು. ಇನಾಮತಿ ತಾನು ಅಂಥದ್ದೇನನ್ನೂ ಕೇಳಿಲ್ಲ ಎಂದ. ಕೊಠಡಿಯಲ್ಲಿ ಅವರಿಬ್ಬರೇ ಇದ್ದರು, ಸಾಕ್ಷಿಯಿರಲಿಲ್ಲ. ಸಂಖ್ಯೆ ಒತ್ತಿದ್ದು ವಾರುಣಿಯ ಬೆರಳು ಎಂದು ಸರಕಾರ ಹೇಳಿತು, ಅದು ನಿಜವೇ ಆಗಿತ್ತು. ಅವಳ ಕೆಲಸ ಹೋಯಿತು, ಮೊಕದ್ದಮೆ ಬಂತು. ಇಷ್ಟಕ್ಕೆ ನಿಲ್ಲಲಿಲ್ಲ. ಬೀಗದ ಕೈ ಯಾರದೋ ಹತ್ತಿರ ಇದ್ದ ಮೇಲೆ ಅದು ನಮ್ಮ ಬಂದೂಕು ಹೇಗಾದೀತು ಎಂದು ಊರೂರಲ್ಲಿ ಜನ ಬೀದಿಗಿಳಿದರು. ಗುಬ್ಬಿಯನ್ನು ಉಳಿಸಲೆಂದೇ ಗೆದ್ದಿದ್ದ ಸರಕಾರ ಮೊದಲ ಅಧಿವೇಶನದಲ್ಲೇ ಕಾಯ್ದೆಯನ್ನು ಹಿಂದಕ್ಕೆ ಪಡೆಯಿತು. ವಿರೋಧ ಪಕ್ಷದವರು ಮೇಜು ತಟ್ಟಿದರು. ಠಾಣೆಗಳ ಮುಂದೆ ಗುಬ್ಬಿ ಕಳಚುವ ಶಿಬಿರಗಳು ನಡೆದವು. ಗಂಡಂದಿರ ಹೆಗಲ ಮೇಲೆ ಬಂದೂಕು ಹಗುರಾಗಿ ಮರಳಿದ್ದನ್ನು ಬಾಗಿಲಲ್ಲಿ ನಿಂತು ನೋಡಿದ ಹೆಂಗಸರು ಏನಂದುಕೊಂಡರೋ, ಅವರನ್ನು ಯಾರೂ ಕೇಳಲಿಲ್ಲ.

ಫಕ್ಕೀರಪ್ಪ ಬಿಡುಗಡೆಯಾಗಿ ಬಂದ ಸುದ್ದಿ ಸಿಕ್ಕಾಗ ವಾರುಣಿ ಮತ್ತೆ ಹುಣಸೀಕಣಿವಿಗೆ ಹೋದಳು. ಬರಬೇಡವೆಂದು ಪ್ರಭಾಕರನಿಗೆ ಅವಳು ಹೇಳಲಿಲ್ಲ, ಬರುತ್ತೇನೆಂದು ಅವನೂ ಹೇಳಲಿಲ್ಲ. ಜೋಳ ಕೊಯ್ದು ಹೊಲ ಬಯಲಾಗಿತ್ತು. ಆಚೆ ಕಬ್ಬು ನಿಂತಿತ್ತು. ಫಕ್ಕೀರಪ್ಪ ಬದುವಿನ ಮೇಲೆ ಕೂತಿದ್ದ. ಸೊರಗಿದ್ದ. ಅವಳು ಯಾರೆಂದು ಗಂಗವ್ವ ಹೇಳಿದಾಗ ಕೈ ಮುಗಿದ.

"ಕೈ ಮುಗೀಬ್ಯಾಡ್ರಿ," ಎಂದಳು ವಾರುಣಿ. "ತಪ್ಪು ನಿಮ್ಮದಲ್ಲ. ಅದನ್ನ ನಿಮ್ಮ ಎದುರಿಗೆ ಹೇಳಬೇಕಂತ ಬಂದೆ."

"ಕೋರ್ಟಿನಾಗೂ ಹಂಗ ಅಂದ್ರರಿ." ಅವನು ನೆಲ ನೋಡುತ್ತಿದ್ದ. "ನಮ್ಮಪ್ಪ ಬಂದೂಕ ಕೈಯಾಗ ಕೊಟ್ಟ ದಿನ ಹೇಳಿದ್ದ, ಕತ್ತಲಾಗ ಏನರ ಅಳ್ಳಾಡಿದ್ರ ಮೊದ್ಲ ಕೂಗು ಹಾಕು ಅಂತ. 'ಯಾರಪಾ ಅಲ್ಲಿ' ಅಂತ ಎರಡು ಸಲ ಕೂಗಿ, ದನಿ ಬರ್ಲಿಲ್ಲಂದ್ರ ಹೊಡೀತಿದ್ವಿ. ಹಂದಿ ಓಡಿ ಹೋದ್ರ ಹೋಗ್ಲಿ ಅಂತ. ಗುಬ್ಬಿ ಬಂದ ಮ್ಯಾಲ ಕೂಗೂದು ಬಿಟ್ಟೆ. ಅದು ನೋಡತೈತೆಲ್ಲ, ನಾ ಯಾಕ ಕೂಗಲಿ ಅಂತ." ಹೊಲದ ಕಡೆ ಕೈ ತೋರಿಸಿ ಹೇಳಿದ, "ಕೂಗಿದ್ರ ಯಲ್ಲವ್ವ ಓ ಅಂತಿದ್ಲರಿ. ಆಕಿ ದನಿ ದೊಡ್ಡದಿತ್ತು."

ಅನುಮಾನದ ಮಿತಿ ನೂರಕ್ಕೆ ಒಂದು ಇದ್ದಾಗಲೂ ಈ ಕೂಗನ್ನು ತನ್ನ ಯಂತ್ರವೇ ನಿಲ್ಲಿಸಿತ್ತೆಂಬುದು ವಾರುಣಿಗೆ ಈವರೆಗೆ ಗೊತ್ತಿರಲಿಲ್ಲ. ಯಾವ ನಕಾಶೆಯಲ್ಲೂ ಅದಕ್ಕೆ ಚುಕ್ಕಿಯಿರಲಿಲ್ಲ. ಗಂಗವ್ವ ಚಹ ಕುಡಿದು ಹೋಗಿರೆಂದಳು. ವಾರುಣಿ ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ರಸ್ತೆಗೆ ಹೋಗುವ ಕಾಲುದಾರಿ ಕಬ್ಬಿನ ಅಂಚಿನಲ್ಲೇ ಇತ್ತು. ಸೂರ್ಯ ಮುಳುಗಿ ಬೆಳಕು ಬೂದಿಬಣ್ಣಕ್ಕೆ ತಿರುಗಿತ್ತು. ಕಾಲ ಕೆಳಗೆ ಕಬ್ಬಿನ ಒಣಗರಿಯ ರವುದಿ ಸದ್ದು ಮಾಡುತ್ತಿತ್ತು. ಮುಂದೆ ಎಲ್ಲೋ, ಕಾವಲಿನ ಅಟ್ಟದ ಮೇಲಿಂದ ಒಂದು ಗಂಡು ದನಿ ಕೇಳಿತು.

"ಯಾರಪಾ ಅಲ್ಲಿ?"

ಅವಳು ನಿಂತಳು. ಬಾಯಿ ತೆರೆದಳು. ದನಿ ಹೊರಡಲಿಲ್ಲ. ತಾನು ಯಾರೆಂದು ಈ ಊರಿನಲ್ಲಿ ಗಟ್ಟಿಯಾಗಿ ಹೇಳಬೇಕಲ್ಲ ಎಂಬ ಒಂದೇ ಯೋಚನೆ ಅವಳನ್ನು ತಡೆಯಿತು.

"ಯಾರಪಾ?" ಎಂದು ಅವನು ಎರಡನೆಯ ಸಲ ಕೂಗಿದ.

"ನಾನು," ಎಂದಳು. ಅದು ಸಾಲದೆಂದು ಅನಿಸಿತು. "ನಾನ್ರಿ, ವಾರುಣಿ. ಗುಬ್ಬಿ ಮಾಡಿದಾಕಿ."

ಅಟ್ಟದ ಮೇಲಿಂದ ಅವನು, "ಹಾಂ, ಹೋಗ್ರಿ. ದಾರಿ ಬಿಟ್ಟು ಸರೀಬ್ಯಾಡ್ರಿ," ಎಂದ.

ಅವಳು ತಲೆ ತಗ್ಗಿಸಿ ದಾರಿಯ ಮೇಲೆಯೇ ನಡೆದಳು.